ಮಂದ್ರದ ಸ್ವರಗಳ ಕಳವು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು ಗಂಟೆ. ಮೊದೆನಾ ನಗರದ ಠಾಣೆಗೆ ವಾದ್ಯ ಸಂಗ್ರಹಾಲಯದ ನಿರ್ದೇಶಕಿ ಬೆಲ್ಲೆಯಿ ಏದುಸಿರು ಬಿಡುತ್ತ ಬಂದು ದೂರು ಕೊಟ್ಟರು. ಪಿಯಾನೊದಂಥ, ಮುನ್ನೂರು ವರ್ಷ ಹಳೆಯ ಹಾರ್ಪ್ಸಿಕಾರ್ಡಿನ ಒಳಗಿಂದ, ತಂತಿ ಮೀಟುವ ಮರದ ಪಟ್ಟಿಗಳನ್ನು ಯಾರೋ ಕಿತ್ತೊಯ್ದಿದ್ದರು. ಸಂಜೆ ಅದೇ ವಾದ್ಯದ ಕಛೇರಿ.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಘಿರಾರ್ದಿ ಕೇಳಿದ.

"ಇನ್ಯಾರು? ಅದನ್ನ ನುಡಿಸೋ ಜಾನ್ಫಿ. ಸಹಿ ಹಾಕಿ ಜವಾಬ್ದಾರಿ ತಗೊಂಡಿದ್ದ. ಮೊದ್ಲು ಅವನನ್ನ ಒಳಗೆ ಹಾಕಿ!"

"ಹಾಕೋದು ಆಮೇಲೆ ನೋಡೋಣ, ಸಿನ್ಯೋರಾ. ಈಗ ನೀವು ಇಲ್ಲಿ ಸಹಿ ಹಾಕಿ."

ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ನೀವೆಸ್‌ಳನ್ನು ಕರೆದುಕೊಂಡು ಅವನು ಸಂಗ್ರಹಾಲಯಕ್ಕೆ ಹೋದ. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರು ಕಲಾವಿದರ ಬಳಿ: ಪಿಟೀಲಿನ ಲುದೊವಿಕಾ, ಹನ್ನೆರಡು ವರ್ಷದಿಂದ ಅವಳ ಜೊತೆಗಿದ್ದು ಚೆಲ್ಲೊ ಎಂಬ ಮಂದ್ರದ ದೊಡ್ಡ ಪಿಟೀಲು ನುಡಿಸುವ ಮಲವಾಸಿ, ಕಳೆದ ಶರತ್ಕಾಲದಲ್ಲಿ ಬಂದು ಸೇರಿದ ತರುಣ ಎಲಿಯಾ ಜಾನ್ಫಿ.

ಜಾನ್ಫಿ ವಾದ್ಯದ ಸ್ವರದ ಮನೆಗಳನ್ನು ಒಂದೊಂದಾಗಿ ಒತ್ತಿ ತೋರಿಸಿದ; ಪ್ರತಿ ಮನೆಗೂ ಒಂದು ಪಟ್ಟಿ. ಎಡಗೈ ಕಡೆ ಕೆಲವು ಮೂಕ, ಅವುಗಳ ನಡುನಡುವೆ ಕೆಲವು ನುಡಿಯುತ್ತಿದ್ದವು.

"ಎಲ್ಲಾನೂ ಯಾಕೆ ಒಯ್ಯಲಿಲ್ಲ?"

"ನನಗೂ ಅರ್ಥ ಆಗ್ತಿಲ್ಲ ಇನ್‌ಸ್ಪೆಕ್ಟ್ರೇ. ಬಲಗಡೆ ಒಂದನ್ನೂ ಮುಟ್ಟಿಲ್ಲ. ಇದು ನನ್ನ ತಲೆಗೆ ಬಂದ್ರೆ ಇನ್ಯಾವ ಸಂಗ್ರಹಾಲಯನೂ ನನ್ನ ಒಳಗೆ ಬಿಡಲ್ಲ."

"ಹೋಗ್ಲಿ ಬಿಡು, ಎಲಿಯಾ," ಎಂದಳು ಲುದೊವಿಕಾ. "ಇವತ್ತಿಗೆ ಚೆಲ್ಲೊ ಒಂದೇ ಸಾಕು. ಮೊದ್ಲೆಲ್ಲ ನಾವಿಬ್ರೇ ನುಡಿಸ್ತಿರಲಿಲ್ವಾ?"

ಮಲವಾಸಿಯ ಮುಖ ಅರಳಿತು. ತಕ್ಷಣ ಬಗ್ಗಿ ಕಮಾನಿಗೆ ರಾಳ ತಿಕ್ಕತೊಡಗಿದ. ಆದರೆ ಘಿರಾರ್ದಿ ನೋಡಿಯಾಗಿತ್ತು.

"ಸಂಜೆ ಕಛೇರಿಯ ಸೊನಾಟಾ ಕೃತಿ ಸ್ವಲ್ಪ ನುಡಿಸಿ. ಮೂವರೂ."

"ಪಟ್ಟಿಗಳೇ ಇಲ್ವಲ್ಲ?" ಎಂದ ಜಾನ್ಫಿ.

"ಇರೋದ್ರಲ್ಲೇ ನುಡಿಸಿ."

ಈ ಬಗೆಯ ಸೊನಾಟಾದಲ್ಲಿ ಪಿಟೀಲು ಮೇಲೆ ಹಾರಾಡುವಾಗ ಕೆಳಗೆ ಮಂದ್ರದ ಸಾಲೊಂದು ಎಡೆಬಿಡದೆ ಸಾಗುತ್ತದೆ. ಚೆಲ್ಲೊ ನುಡಿಸುವುದೂ ಅದನ್ನೇ, ಹಾರ್ಪ್ಸಿಕಾರ್ಡಿನ ಎಡಗೈ ನುಡಿಸುವುದೂ ಅದನ್ನೇ. ಬಲಗೈ ಮಾತ್ರ ತನಗೆ ತೋಚಿದಂತೆ ಸ್ವರ ತುಂಬುತ್ತದೆ.

ಲುದೊವಿಕಾ ಕಮಾನು ಎತ್ತಿ, ಶುರು ಮಾಡುವ ಮುನ್ನ ಜಾನ್ಫಿಯ ಮುಖ ನೋಡಿದಳು. ಪಕ್ಕದಲ್ಲೇ ಕೂತಿದ್ದ ಮಲವಾಸಿ ಅವಳನ್ನು ನೋಡಿದ. ಆ ನೋಟದ ಪರಿಚಯ ಘಿರಾರ್ದಿಗಿತ್ತು. ಹೆಂಡತಿ ತನ್ನ ಹೊಸ ನೃತ್ಯದ ಮೇಷ್ಟ್ರನ್ನು ಹೊಗಳಿದ ದಿನ ಅವನಿಗೆ ಇಷ್ಟದ ತಿನಿಸು ತೊರ್ತೆಲ್ಲಿನಿ ಕೂಡ ಗಂಟಲಲ್ಲಿ ಇಳಿದಿರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಅದೇ, ಬೇರೆ ಹೆಸರು ಬೇಕಿಲ್ಲ.

ಸೊನಾಟಾ ಸಾಗಿತು. ಜಾನ್ಫಿಯ ಎಡಗೈ ಬೆರಳುಗಳು ಓಡಾಡಿದವು. ಒಂದೇ ಒಂದು ಸ್ವರವೂ ಹೊರಡಲಿಲ್ಲ. ಮಂದ್ರದಲ್ಲಿ ಕೇಳಿದ್ದು ಮೊದಲಿಂದ ಕೊನೆವರೆಗೂ ಚೆಲ್ಲೊ ಒಂದೇ.

"ಎಡಗಡೆ ಇನ್ನೂ ನುಡಿಯೋ ಮನೆಗಳು ಈ ಸೊನಾಟಾದಲ್ಲಿ ಎಲ್ಲಿ ಬರ್ತವೆ?" ಘಿರಾರ್ದಿ ಕೇಳಿದ.

ಜಾನ್ಫಿ ಯೋಚಿಸಿದ. ಅವನ ಮುಖ ಬಿಳಿಚಿಕೊಂಡಿತು. "ಎಲ್ಲೂ ಬರಲ್ಲ."

"ಅಂದ್ರೆ ಚೆಲ್ಲೊ ನುಡಿಸೋ ಸ್ವರಗಳಷ್ಟೇ ಹೋಗಿವೆ. ಮಲವಾಸಿಯವರೇ, ಚೆಲ್ಲೊ ಪೆಟ್ಟಿಗೆ ತೆಗೀರಿ."

ಮಖಮಲ್ಲಿನ ಅಡಿಯಲ್ಲಿ ಪಟ್ಟಿಗಳು ಸಿಕ್ಕವು. ಒಂದೊಂದನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಲಾಗಿತ್ತು. ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಮಲವಾಸಿಯನ್ನು ಬಂಧಿಸಿದರು.

ಜೀಪಿನಲ್ಲಿ ಅವನು ತಾನಾಗಿಯೇ ಬಾಯಿಬಿಟ್ಟ. "ಹನ್ನೆರಡು ವರ್ಷ ಅವಳ ಪಿಟೀಲಿನ ಕೆಳಗೆ ನಾನೊಬ್ಬನೇ ನಡೆದೆ. ಶುರು ಮಾಡೋ ಮುಂಚೆ ನನ್ನ ಮುಖ ನೋಡ್ತಿದ್ಲು. ಇವನು ಬಂದ. ನಾನಿಟ್ಟ ಹೆಜ್ಜೆ ಮೇಲೆಲ್ಲ ಹೆಜ್ಜೆ ಇಟ್ಟ. ಬಲಗೈ ಸ್ವರಗಳು ಅವನವು, ಅವನೇ ಇಟ್ಕೊಳ್ಳಲಿ. ನಾನು ನನ್ನವನ್ನಷ್ಟೇ ತಗೊಂಡೆ."

ಅವನು ತಿರುಗಿ ಸಂಗ್ರಹಾಲಯದ ಕಡೆ ನೋಡಿದ.

"ಲುದೊವಿಕಾ ಏನಾದ್ರೂ ಕೇಳಿದ್ಲಾ?"

ಘಿರಾರ್ದಿಗೆ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಹೇಳಲಾಗಲಿಲ್ಲ.

"ಪಟ್ಟಿ ಒಂದೂ ಮುರಿದಿಲ್ಲ ತಾನೇ, ಅಂತ ಕೇಳಿದ್ರು."

ಮಲವಾಸಿ ತಲೆಯಾಡಿಸಿದ. "ಮುರಿದಿಲ್ಲ ಅಂತ ಹೇಳಿ," ಎಂದ.