ಕೆಂಪು ಹೊಲಿಗೆಯ ಹ್ಯಾಟು

ಬಿಚ್ಚಿದರೆ ಏನಾಗಿಬಿಡುತ್ತದೆ? ಒಂದು ದಾರ, ಅಷ್ಟೆ. ಮುದುಕಿಯ ಹೆದರಿಕೆಗೆ ಮರ್ಯಾದೆ ಕೊಟ್ಟು ಇಂಥ ಹ್ಯಾಟನ್ನು ಹೀಗೆಯೇ ಬಿಡುವುದೇ? ಆದರೆ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ.

ಶ್ರೀವಲ್ಲಭ ಬ್ಲೇಡು ಹಿಡಿದು ಕಿಟಕಿಯ ಬಳಿ ಕೂತಿದ್ದ. ತೊಡೆಯ ಮೇಲೆ ಬೂದುಬಣ್ಣದ ಹಳೆಯ ಫೆಲ್ಟ್ ಹ್ಯಾಟು. ಒಳಗೆ, ಹಣೆಗೆ ತಾಗುವ ಚರ್ಮದ ಪಟ್ಟಿಯನ್ನು ಯಾರೋ ಕೆಂಪು ದಾರದಿಂದ ಸುತ್ತಲೂ ಹೊಲಿದಿದ್ದರು. ಒರಟು, ಗಂಟುಗಂಟಾದ ಹೊಲಿಗೆ. ಅವನು ಧಾರವಾಡದಿಂದ ಸಿಂದಗಿಯ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದು ಆರು ತಿಂಗಳಾಗಿತ್ತು. ಜೊತೆಗೆ ಬಂದದ್ದು ಕಣ್ಣು ಕಾಣದ ತಾಯಿ ಜಾನಕಿಬಾಯಿ ಮತ್ತು ಗೋಡೆಯ ತುಂಬ ತೂಗುಹಾಕಿದ ಹಳೆಯ ಹ್ಯಾಟುಗಳು. ಅವನ್ನು ಹುಡುಕಿ ತರುವುದು, ಹಬೆ ಹಿಡಿದು ತಿದ್ದುವುದು, ತಲೆಗಿಟ್ಟುಕೊಂಡು ತಿರುಗುವುದು ಅವನ ಹುಚ್ಚು.

ನಿನ್ನೆ ಹ್ಯಾಟು ಹುಡುಕುತ್ತ ತಾಂಬಾಕ್ಕೆ ಹೋದಾಗ ಹಜರಾಬಿ ಎಂಬ ಮುದುಕಿ ಇದನ್ನು ಹಿತ್ತಿಲಲ್ಲಿ ಹೂಳಲು ಹೊರಟಿದ್ದಳು. ಅವನು ಬೇಡಿ ಇಸಿದುಕೊಂಡಿದ್ದ.

"ಇದು ನಮ್ಮ ಮನಿಯವ್ರದ್ರಿ, ಜೈನುದ್ದೀನ ಅಂತ. ಇಂಡಿ ಕೋರ್ಟಿನಾಗ ಸಾಕ್ಷಿ ಹೇಳಬೇಕಾಗಿತ್ತು. ಯಾರೋ ಇದರಾಗ ಬಾಯಿಕಟ್ಟು ಮಾಟ ಮಾಡಿಸಿಟ್ರು. ಕಟಕಟಿಯಾಗ ನಿಂತು ಬಾಯಿ ತಗದ್ರು, ಸೊಲ್ಲ ಹೊಂಡಲಿಲ್ಲ. ಸಾಯೂಮಟಾ ಹೊಂಡಲಿಲ್ಲ."

"ಗಂಟಲದ್ದು ರೋಗ ಇದ್ದೀತು ಅಮ್ಮಾ. ಹ್ಯಾಟಿಗೆ ಯಾಕ ಬೈತೀರಿ ಪಾಪ?"

"ನಗಬ್ಯಾಡ್ರಿ ಸಾಹೇಬ್ರ. ನನಗ ಕೊಡ್ರಿ ಅಂತ ಬಾಯಿಬಿಟ್ಟು ಕೇಳೀರಿ, ಅದಕ್ಕ ಹೇಳಾಕತ್ತೇನಿ. ದಾರ ಬಿಚ್ಚಬ್ಯಾಡ್ರಿ. ತಲಿ ಮ್ಯಾಲೆ ಇಡಬ್ಯಾಡ್ರಿ."

ಎರಡಕ್ಕೂ ಅವನು ಹೂಂ ಎಂದಿದ್ದ. ಬಸ್ಸಿನಲ್ಲಿ ಬರುವಾಗ ನಿಂಬೆಯ ವಾಸನೆ ಬಂತು. ತಾಂಬಾದ ತೋಟಗಳದ್ದೆಂದುಕೊಂಡ. ತೋಟಗಳು ಹಿಂದೆ ಬಿದ್ದವು. ವಾಸನೆ ಮಾತ್ರ ಸಿಂದಗಿಯವರೆಗೂ ಬಂತು.

ಈಗಲೂ ಇತ್ತು. ಅವನು ಬ್ಲೇಡು ಆಡಿಸಿದ. ಹಳೆಯ ದಾರ ಕೊಯ್ಯುವಾಗ ಕಿರ್ ಎಂದಿತು. ಪಟ್ಟಿಯ ಹಿಂದಿನಿಂದ ಒಂದು ಎಳೆ ಬಿಳಿಗೂದಲು ಜಾರಿತು. ಆಮೇಲೆ ಕಪ್ಪಗೆ ಒಣಗಿದ ನಿಂಬೆಯ ಹೋಳು, ಅದರ ಅಡ್ಡಕ್ಕೆ ಚುಚ್ಚಿದ ಗುಂಡುಸೂಜಿ. ನಕ್ಕು, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ. ಕುದಿಯುವ ನೀರಿನ ಹಬೆಯ ಮೇಲೆ ಹ್ಯಾಟು ಹಿಡಿದ. ಉಣ್ಣೆ ಮೆತ್ತಗಾಗುತ್ತ ಬಂದಂತೆ ಈಗಷ್ಟೇ ಕೊಯ್ದ ನಿಂಬೆಯ ಹುಳಿವಾಸನೆ ಕೋಣೆ ತುಂಬಿತು. ಅದರ ಅಡಿಯಲ್ಲಿ ಬೇರೊಂದು ವಾಸನೆ. ಯಾರದೋ ಬೆವರು.

ಬ್ರಶ್ಶಿನಿಂದ ನಯವಾಗಿ ಒರೆಸಿ ತಲೆಗಿಟ್ಟ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಆಯಿ, ಹ್ಯಾಂಗ ಅದ ಕೈಲೆ ನೋಡು," ಎನ್ನಲು ಬಾಯಿ ತೆರೆದ.

ಏನೂ ಬರಲಿಲ್ಲ.

ಕೆಮ್ಮಿದ. ಕೆಮ್ಮಿಗೂ ಸದ್ದಿಲ್ಲ. ಪಡಸಾಲೆಗೆ ಓಡಿದ. ಜಾನಕಿಬಾಯಿ ಜಪದ ಸರ ನಿಲ್ಲಿಸಿದಳು.

"ಶ್ರೀ ಏನೋ?"

ಅವನು ತುಟಿ ಆಡಿಸಿದ.

"ಯಾರದು? ಯಾಕ ಸುಮ್ಮ ನಿಂತೀರಿ?" ಕೈ ಚಾಚಿದಳು. ಬೆರಳು ಹ್ಯಾಟಿನ ಒದ್ದೆ ಅಂಚಿಗೆ ತಾಗಿತು. ಕೆನ್ನೆಗೆ ಇಳಿಯಿತು. ಮೂಗು, ತುಟಿ, ಗದ್ದದ ಕಲೆ. ಆಮೇಲೆ ಕೈ ತಟ್ಟನೆ ಹಿಂದೆ ಹೋಯಿತು. "ಮಾರಿ ನನ್ನ ಮಗನದು. ಒಳಗ ಇದ್ದವ ಅವ ಅಲ್ಲ!"

ಆ ಚೀರಾಟಕ್ಕೆ ಎದುರುಮನೆಯ ಮಂಜೂರ ಓಡಿಬಂದ. ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸುದ್ದಿ ಸಾರುವವನು. ಅವನ ಗಂಟಲೇ ಅವನ ಮನೆಯ ಅನ್ನ. ಬಿಡುವಾದಾಗಲೆಲ್ಲ ಜಾನಕಿಬಾಯಿಗೆ ಪೇಪರು ಓದಿ ಹೇಳುತ್ತಿದ್ದ.

ಹ್ಯಾಟು ತೆಗೆದರೂ ಹಣೆಯ ಸುತ್ತ ಬಿಗಿತ ಉಳಿಯಿತು. ವಿಜಯಪುರದ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಏನೂ ಇಲ್ಲ ಎಂದರು. ಶ್ರೀವಲ್ಲಭ ಕಾಲೇಜಿಗೆ ರಜೆ ಬರೆದುಕೊಟ್ಟ. ತಾಯಿ ಅವನ ಕೈಯಿಂದ ನೀರನ್ನೂ ಕುಡಿಯಲೊಲ್ಲಳು. ಮಂಜೂರ ಬಂದು "ನಾ ಮಂಜೂರ ಅದೀನ್ರಿ ಬಾಯಾರ, ಉಣ್ರಿ," ಎಂದರಷ್ಟೇ ತುತ್ತು ಇಳಿಯುತ್ತಿತ್ತು. ಉಳಿದ ಹೊತ್ತು ಬಾಗಿಲ ಕಡೆ ಮುಖಮಾಡಿ ಮಗನನ್ನು ಕರೆಯುತ್ತಿದ್ದಳು. ಅವನು ಪಕ್ಕದಲ್ಲೇ ಕೂತಿರುತ್ತಿದ್ದ.

ಒಂಬತ್ತನೆಯ ದಿನ ತಾಂಬಾಕ್ಕೆ ಹೋದ. ಅವನು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಮೊಮ್ಮಗಳು ನಾಜಿಮಾ ಓದಿ ಹೇಳಿದಳು. ಹಜರಾಬಿ ನೋಟ್‌ಬುಕ್ಕು ಮುಚ್ಚಿ ಅವನ ಕೈಗಿಟ್ಟಳು.

"ಕೇಳಿ ಇಸ್ಕೊಂಡವ್ನ ತಲಿಗೆ ಏರತೈತ್ರಿ ಅದು. ಇನ್ನೊಬ್ಬ ತಾನಾಗೇ ಕೇಳಿ ಹಾಕ್ಕೊಂಡ್ರ ನಿಮ್ಮ ಗಂಟಲ ಬಿಡತೈತಿ. ಮಣ್ಣಾಗ ಹೂತ್ರ ಅದು ಅಲ್ಲಿಗೇ ಮುಗೀತು. ನಿಮ್ಮ ಮಾತೂ ಅದರ ಕೂಡ ಮಣ್ಣಾಗ ಹೋತು." ಆಮೇಲೆ ದನಿ ತಗ್ಗಿಸಿ ಹೇಳಿದಳು: "ನಮ್ಮವರು ಯಾರಿಗೂ ಕೊಡಲಿಲ್ಲ ನೋಡ್ರಿ. ಹನ್ನೊಂದು ವರ್ಷ ಮೂಕಾಗಿ ಕುಂತ್ರು."

ಹೂಳುವುದೆಂದೇ ಅವನು ತೀರ್ಮಾನಿಸಿದ. ಮರುದಿನ ಉರಿಬಿಸಿಲಿನಲ್ಲಿ ಹಿತ್ತಿಲಲ್ಲಿ ಸಲಿಕೆ ಹಿಡಿದ. ಮೊಣಕಾಲುದ್ದ ತೋಡಿದ. ಗುಂಡಿಯ ಪಕ್ಕದಲ್ಲಿ ಹ್ಯಾಟು ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗಿನಿಂದ ನಿಂಬೆಯ ವಾಸನೆ. ಒಂದು ನೊಣವೂ ಹತ್ತಿರ ಸುಳಿಯಲಿಲ್ಲ.

"ಏನ್ ಸರ, ಕಾಲೇಜ ಬಿಟ್ಟು ಬಾಂವಿ ತೋಡಾಕತ್ತೀರಿ?" ಬೇಲಿಯಾಚೆ ಮಂಜೂರ ನಗುತ್ತ ನಿಂತಿದ್ದ. ಒಳಬಂದು ಹ್ಯಾಟು ನೋಡಿದ. "ಅಯ್ಯ, ಇಷ್ಟು ಚೆಂದನ ಮಾಲು ಮಣ್ಣಿಗೆ ಹಾಕ್ತೀರಿ? ಹುಚ್ಚ ಹಿಡದೈತೇನ್ರಿ? ನನಗರೆ ಕೊಡ್ರಿ. ಇದನ್ನ ಹಾಕ್ಕೊಂಡು ಮೈಕ್ ಹಿಡದ್ರ ಇಡೀ ಪ್ಯಾಟಿ ನಿಂತು ನೋಡಬೇಕು!"

ಬಗ್ಗಿ ಎತ್ತಿಕೊಂಡ. ಧೂಳು ಕೊಡವಿದ.

ಶ್ರೀವಲ್ಲಭನ ಗಂಟಲಿನಲ್ಲಿ ಏನೋ ಸಡಿಲವಾಯಿತು. ಒಂದು ಗಂಟು. ಇನ್ನೊಂದು. ಉಸಿರಿಗೆ ಸದ್ದು ಬಂತು. ಹತ್ತು ದಿನದ ಮೇಲೆ ತನ್ನದೇ ಸದ್ದು. ಜೇಬಿನಲ್ಲಿ ಪೆನ್ನು. ಕೈಯಲ್ಲಿ ಸಲಿಕೆ. ನಾಲಗೆಯ ತುದಿಗೆ ಒಂದು ಮಾತು ಬಂದು ನಿಂತಿತು.

ಒಳಗಿನಿಂದ ತಾಯಿ ಕರೆದಳು. "ಶ್ರೀ, ಎಲ್ಲಿದ್ದೀಯೋ? ಒಂದ ಮಾತಾಡೋ."

ಮಂಜೂರ ಹ್ಯಾಟು ಎತ್ತಿದ. ಬಿಸಿಲು ಅಂಚಿನ ಮೇಲೆ ಹೊಳೆಯಿತು. ತಲೆಯ ಮೇಲೆ. ಇನ್ನೂ ತಾಗಿಲ್ಲ. ಇನ್ನೂ ಇಲ್ಲ.

ಕೂತಿತು. ಅಳತೆ ಕೊಟ್ಟು ಮಾಡಿಸಿದಂತೆ.

"ಬಂದೆ, ಆಯಿ," ಎಂದ ಶ್ರೀವಲ್ಲಭ.

ಹಿಂದೆ ತಿರುಗಿ ನೋಡದೆ ಒಳಗೆ ಹೋದ. ತಾಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಬೀದಿಯಲ್ಲಿ ಆಟೋ ಚಾಲೂ ಆಯಿತು. ಮೈಕು ಗರ್ ಎಂದಿತು. ಬೆರಳಿನಿಂದ ಟಕ್ ಟಕ್ ಬಡಿದ ಸದ್ದು. ಆಮೇಲೆ ಬರೀ ಉಸಿರು. ಓಣಿಯ ತುಂಬ ಒಬ್ಬ ಮನುಷ್ಯನ ಉಸಿರು, ದೊಡ್ಡದಾಗಿ, ಇನ್ನೂ ದೊಡ್ಡದಾಗಿ.

"ಮಂಜೂರನ ಮೈಕ್ ಕೆಟ್ಟದ ಏನೋ?" ಜಾನಕಿಬಾಯಿ ಕೇಳಿದಳು.

"ಹೂಂ ಆಯಿ. ಮೈಕ್ ಕೆಟ್ಟದ."

ಹಾಕ್ಕೋಬ್ಯಾಡ ಎಂದು ಅವನು ಮಂಜೂರನಿಗೆ ಹೇಳಲಿಲ್ಲ.