ಹೆಸರು ಹೇಳಿ, ಹಾಡ್ತೀನಿ

"ನಿಲ್ಸು, ನಿಲ್ಸು," ಎಂದ ಬ್ಯಾಂಡಿನ ಯಜಮಾನ ಮೋಯಿಜ್ ಅಣ್ಣ, ಕೀಬೋರ್ಡಿನಿಂದ ಕೈ ತೆಗೆದು. "ಬೊಹೋರಾ ಬಂದಳು, ಕಾದೆನ್ ಬಂದಳು, ಪೆರ್ಲಾ ಬಂದಳು. ಇನ್ನೂ ಎಷ್ಟು ಜನ ಬರ್ತಾರೆ? ಹಾಡಾ ಇದು, ಕ್ಲಾಸ್ ಅಟೆಂಡೆನ್ಸಾ?"

ಗಿಟಾರಿನವನು ಕಿಸಕ್ಕನೆ ನಕ್ಕ. ತಿಲ್ದಾ ದಮ್ಮಡಿಯನ್ನು ಎದೆಗೆ ಅವಚಿಕೊಂಡಳು.

"ನಮ್ಮ ನೋನಾ ಹೀಗೇ ಹಾಡೋದು." ನೋನಾ ಅಂದರೆ ಅವಳ ಅಜ್ಜಿ.

"ನಿಮ್ಮ ನೋನಾ ಹಾಡಿದ್ದು ನಮ್ಮ ಯೆಹೂದಿ ಮದುವೆ ಮನೇಲಿ. ನಾಳೆ ಕಾರ್ಯಕ್ರಮಕ್ಕೆ ಬರೋದು ಇಡೀ ಇಸ್ತಾಂಬುಲ್. ನಮ್ಮ ಲದೀನೋ ಭಾಷೆ ಅವರಿಗೆ ಒಂದಕ್ಷರ ಬರಲ್ಲ. ಎರಡನೇ ಚರಣಕ್ಕೇ ಫೋನ್ ತೆಗೀತಾರೆ. ಈ ಹಾಡು ಕಟ್."

"ಕಟ್ ಆಗಲ್ಲ," ಎಂದು ತಿಲ್ದಾ ಕ್ಲೈಮ್ಯಾಕ್ಸಿನ ಹೀರೋ ಥರ ತಿರುಗಿ ನೋಡದೆ ನಡೆದಳು. ಆದರೆ ಆ ಬಾಗಿಲು ತಳ್ಳುವುದಲ್ಲ, ಎಳೆಯುವುದು. ಎರಡು ಸಲ ಹಣೆ ಡಿಕ್ಕಿಯಾಯಿತು.

ಮನೆಯಲ್ಲಿ ನೋನಾ ಬದನೆಕಾಯಿ ಸುಡುತ್ತಿದ್ದಳು. ತಿಲ್ದಾ ಮೂರು ಹೆಸರೂ ಸೇರಿಸಿ ಹಾಡಿ ತೋರಿಸಿದಳು.

"ಬೊಹೋರಾ ಎಲ್ಲೇ ಬಂದ್ಲು?" ಎಂದಳು ನೋನಾ. "ಅವಳು ಸತ್ತು ಮೂವತ್ತು ವರ್ಷ ಆಯ್ತು."

"ಹಾಡಲ್ಲಿ ಇದಾಳಲ್ಲ ನೋನಾ."

"ಹಾಡಲ್ಲಿಲ್ಲ ಕಣೇ. ನಮ್ಮಕ್ಕನ ಮದುವೇಲಿ ನನ್ನೆದುರಿಗೆ ಕೂತಿದ್ಲು. ದಮ್ಮಡಿ ಹಿಡಿದವಳು ಎದುರಿಗೆ ಕೂತವರ ಹೆಸರು ಹಾಕ್ಬೇಕು. ಒಬ್ಬರನ್ನ ಬಿಟ್ರೂ ಮುನಿಸ್ಕೊಂಡು ಊಟ ಮಾಡ್ದೆ ಎದ್ದು ಹೋಗೋರು."

"ಮತ್ತೆ ನೀನ್ಯಾಕೆ ಇನ್ನೂ ಅವರ ಹೆಸರೇ ಹಾಡ್ತೀಯ?"

ನೋನಾ ಬದನೆಕಾಯಿ ಮಗ್ಗುಲು ತಿರುಗಿಸಿದಳು. "ಇಲ್ಲಿ ನನ್ನೆದುರಿಗೆ ಇನ್ಯಾರಿದಾರೆ, ಈ ಒಲೆ ಬಿಟ್ರೆ?"

ಮರುದಿನ ಬೆಳಿಗ್ಗೆ ತಿಲ್ದಾ ಮೋಯಿಜ್ ಅಣ್ಣನ ದಾರಿಗೆ ಅಡ್ಡ ನಿಂತಳು. "ಒಂದೇ ಒಂದು ಚಾನ್ಸ್ ಕೊಡು. ಮೂರು ನಿಮಿಷ."

"ಫ್ಲಾಪ್ ಆದ್ರೆ?"

"ಒಂದು ವರ್ಷ ನಿನ್ನ ಕೀಬೋರ್ಡ್ ನಾನೇ ಹೊರ್ತೀನಿ."

ಮೋಯಿಜ್ ಅಣ್ಣ ಅವಳ ಕಡ್ಡಿ ತೋಳುಗಳನ್ನು ನೋಡಿದ. ಕೀಬೋರ್ಡಿನ ಮೇಲೆ ಮರುಕ ಬಂದಿರಬೇಕು. ಆದರೂ ಒಪ್ಪಿದ.

ಸಂಜೆ ಹಾಲ್ ತುಂಬಿತ್ತು. ಮೊದಲ ಚರಣ ಮುಗಿಯುವ ಮೊದಲೇ ಮುಂದಿನ ಸಾಲಿನಲ್ಲಿ ಒಂದು ಫೋನ್ ಮಿನುಗಿತು. ಆಮೇಲೆ ಇನ್ನೊಂದು. ತಿಲ್ದಾ ದಮ್ಮಡಿ ಬಾರಿಸುತ್ತಲೇ ಸ್ಟೇಜಿನ ಮೆಟ್ಟಿಲು ಇಳಿದಳು. ಫೋನ್ ಹಿಡಿದಿದ್ದ ದಪ್ಪ ಮೀಸೆಯವರ ಮುಂದೆ ನಿಂತಳು.

"ನಿಮ್ಮ ಹೆಸರೇನು ಅಂಕಲ್?"

"ನಂದಾ?" ಅವರು ಗಾಬರಿಯಿಂದ ಫೋನನ್ನು ಜೇಬಿಗೆ ತುರುಕಿದರು. "ಓರ್ಹಾನ್."

"ಓರ್ಹಾನ್ ಬಂದರು, ಮದುಮಗಳಿಗೆ ಗುಲಾಬಿ ತಂದರು," ಎಂದು ತಿಲ್ದಾ ಲದೀನೋದಲ್ಲಿ ಹಾಡಿದಳು. ಅವರಿಗೆ ಅರ್ಥವಾದದ್ದು ಹೆಸರೊಂದೇ. ಮೀಸೆ ಮಾತ್ರ ಕಿವಿತನಕ ಅರಳಿತು.

"ನಾನೂ ಬಂದಿದೀನಮ್ಮ," ಎಂದರು ಪಕ್ಕದಲ್ಲಿದ್ದ ಅವರ ಹೆಂಡತಿ. "ಗ್ಯುಲ್ಟೆನ್ ಅಂತ. ಬರೀ ಇವರನ್ನೇ ಹಾಡ್ಬೇಡ."

"ಈ ಕಡೇನೂ ಜನ ಇದೀವಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಒಬ್ಬ ಹುಡುಗನ ಹೆಸರು ಅಬ್ದುರ್ರಹ್ಮಾನ್. ಅದು ತಾಳದೊಳಗೆ ಕೂರಲೇ ಇಲ್ಲ, ಚಿಕ್ಕ ಶೂನಿಂದ ಕಾಲು ಹೊರಬಂದ ಹಾಗೆ. ಹಾಲ್ ನಕ್ಕಿತು. ತಿಲ್ದಾ ಬಿಡಲಿಲ್ಲ. ಎರಡು ಪೆಟ್ಟು ಹೆಚ್ಚು ಹಾಕಿ ಮತ್ತೆ ಹಾಡಿ ಕೂರಿಸಿಯೇ ಬಿಟ್ಟಳು. ಮೋಯಿಜ್ ಅಣ್ಣ ಕೀಬೋರ್ಡಿನಲ್ಲಿ ಅವಳ ಹಿಂದೆ ಓಡೋಡಿ ಬಂದ.

ಹಾಡು ಮುಗಿದಾಗ ಹನ್ನೊಂದು ನಿಮಿಷ ಆಗಿತ್ತು.

"ನನ್ನ ಎರಡು ಹಾಡು ನುಂಗಿಬಿಟ್ಟೆ," ಎಂದು ಅವನು ಪರದೆಯ ಹಿಂದೆ ಗೊಣಗಿದ. ಕೀಬೋರ್ಡಿನ ವೈರ್ ಸುತ್ತುತ್ತಾ, "ಮುಂದಿನ ಸಲ ನನ್ನ ಹೆಸರೂ ಹಾಕು," ಎಂದ.

ಸಮುದ್ರ ದಾಟಿ ಮನೆಗೆ ಮರಳುವ ಫೆರಿ ದೋಣಿಯಲ್ಲಿ, ಹಾಡು ಕೇಳಲು ಬಂದಿದ್ದ ನೋನಾ ಕಿಟಕಿ ಪಕ್ಕ ಕೂತಿದ್ದಳು. ತಿಲ್ದಾ ಅವಳ ಪಕ್ಕದಲ್ಲೇ ಕೂತಳು.

"ನೋನಾ, ಪೆರ್ಲಾ ಎಲ್ಲಿ ಕೂತಿದ್ಲು?"

"ಯಾವ ಪೆರ್ಲಾ?"

"ಆವತ್ತು, ಮದುವೇಲಿ."

ನೋನಾ ನೀರಿನ ಕಡೆ ನೋಡಿದಳು. "ಬಾಗಿಲ ಹತ್ರ. ಹೊಸ ಚಪ್ಪಲಿ ಕಚ್ತಾ ಇದೆ ಅಂತ ಬಿಚ್ಚಿ ತೊಡೆ ಮೇಲಿಟ್ಕೊಂಡಿದ್ಲು, ಯಾರಾದ್ರೂ ಕದ್ದಾರು ಅಂತ."

ತಿಲ್ದಾ ಇನ್ನಷ್ಟು ಹತ್ತಿರ ಸರಿದು ಕೂತಳು.

"ಕಾದೆನ್?"