ಛತ್ರದ ಪಕ್ಕದ ಬಾಡಿಗೆ ಮನೆ

ಟೇಪು ಹಿಡಿದ ಯುವಕನೊಬ್ಬ ಜಗಲಿಯ ಮುಂದೆ ಅಳೆಯುತ್ತಾ ನಿಂತದ್ದನ್ನು ಕಂಡು ತುಂಗಾ ಹೊಲಿಗೆ ಬಿಟ್ಟು ಎದ್ದು ಬಂದಳು.

"ಮನೆ ಕೊಂಡ್ಕೊಳ್ಳೋಕೆ ಬಂದ್ರಾ?"

"ನಾನಾ? ಗಾರೆ ಮೇಸ್ತ್ರಿ ಕಣ್ರೀ, ಸಿದ್ದಬಸಪ್ಪ ಅಂತ. ಪಕ್ಕದ ಛತ್ರ ರಿಪೇರಿಗೆ ಬಂದಿದೀನಿ, ಮರಳು ಹಾಕೋಕೆ ಜಾಗ ಅಳೀತಿದೀನಿ. ಕೊಂಡ್ಕೊಳ್ಳೋನ ಅಂಗಿಲಿ ಇಷ್ಟು ತೂತು ಇರ್ತಾವಾ?"

ಅವಳು ನಗು ತಡೆಯಲು ಸೆರಗು ಕಚ್ಚಿದಳು.

ಅದು ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆ. ಕೆಂಗೇರಿಯ ಆ ಕಲ್ಲಿನ ಛತ್ರ ಅರಸರ ಕಾಲದ್ದು, ಈಗ ಬಾವಲಿಗಳ ಪಾಲಾಗಿತ್ತು. ಪಾಳು ಕಟ್ಟಡದ ಪಕ್ಕವೆಂದೇ ತುಂಗಾಳ ಅಪ್ಪ, ಟೈಲರ್ ಗುರುಬಸಪ್ಪನಿಗೆ ಕಡಿಮೆ ಬಾಡಿಗೆಗೆ ಮನೆ ಸಿಕ್ಕಿದ್ದು. ಜಗಲಿಯ ಮೇಲೆ ಮೆಷಿನ್ನು, ಒಳಗೆ ಅಪ್ಪ ಮಗಳ ಸಂಸಾರ.

ಅಂಗಿಯ ನೆಪದಲ್ಲಿ ಸಿದ್ದಬಸಪ್ಪ ದಿನಾ ಬರತೊಡಗಿದ. ಇವತ್ತು ಗುಂಡಿ, ನಾಳೆ ತೋಳು. ಅವನ ರೆಪ್ಪೆಯ ಮೇಲಿನ ಸುಣ್ಣದ ಪುಡಿ ನೋಡುತ್ತಾ ಅವಳು ಸೂಜಿಗೆ ದಾರ ಪೋಣಿಸುವುದನ್ನೇ ಮರೆಯುತ್ತಿದ್ದಳು.

ಛತ್ರ ಬೆಳ್ಳಗಾದಂತೆಲ್ಲ ನೋಡಲು ಕಾರಿನವರು ಬರತೊಡಗಿದರು. ಒಂದು ಬೆಳಿಗ್ಗೆ ಮನೆಯ ಒಡೆಯ ಸೋಮಲಿಂಗಪ್ಪನೂ ಬಂದ.

"ಈ ಜಾಗಕ್ಕೀಗ ಎರಡರಷ್ಟು ಕೊಡ್ತೀನಿ ಅಂತಾವ್ರೆ, ಗುರುಬಸಪ್ಪ. ಛತ್ರದ ಕೆಲಸ ಮುಗೀತಿದ್ದಂಗೆ ಮಾರ್ತೀನಿ. ಬೇರೆ ಮನೆ ನೋಡ್ಕೊ."

ಅಂದಿನಿಂದ ಗಾರೆ ಮೆತ್ತುವ ಕರಣೆಯ ಸದ್ದು ಕೇಳಿದರೇ ತುಂಗಾ ಹೊಲಿಗೆ ನಿಲ್ಲಿಸಿ, ಇನ್ನೆಷ್ಟು ಗೋಡೆ ಉಳಿದಿದೆಯೆಂದು ನೋಡುತ್ತಿದ್ದಳು. ಮನೆ ಹೋಗುವ ಭಯವನ್ನು ಅಪ್ಪನೊಂದಿಗೆ ಹಂಚಿಕೊಳ್ಳಬಹುದಿತ್ತು. ಕೆಲಸ ಮುಗಿದರೆ ಸಿದ್ದಬಸಪ್ಪನೂ ಹೊರಟುಹೋಗುತ್ತಾನೆಂಬ ಭಯವನ್ನು ಯಾರಿಗೆ ಹೇಳುವುದು?

ಕೊನೆಗೆ ಅವನನ್ನೇ ಕೇಳಿಬಿಟ್ಟಳು. "ಕೆಲಸ ಸ್ವಲ್ಪ ನಿಧಾನ ಮಾಡೋಕಾಗಲ್ವಾ? ಅದು ಮುಗಿದ್ರೆ ನಮ್ಮನೆ ಮಾರ್ತಾರಂತೆ."

ಮರುದಿನ ಅವನು ತಾನೇ ಬಳಿದ ಹೊಸ ಗಾರೆಯನ್ನು ಕೆತ್ತಿ ಬೀಳಿಸಿದ. ಅದರ ಮರುದಿನವೂ ಬೀಳಿಸಿದ. ಮೂರನೆಯ ದಿನ, ಛತ್ರದ ಕೆಲಸ ನೋಡಿಕೊಳ್ಳುತ್ತಿದ್ದ ಓವರ್ಸಿಯರ್ ಕೂಗಾಡಿದ್ದು ಜಗಲಿಗೂ ಕೇಳಿಸಿತು. "ಇನ್ನೊಂದ್ಸಲ ಹಿಂಗಾದ್ರೆ ನಿನ್ನ ಕೆಲಸದಿಂದ ತೆಗೀತೀನಿ!"

ಓವರ್ಸಿಯರ್ ಅತ್ತ ಹೋದೊಡನೆ ತುಂಗಾ ಛತ್ರಕ್ಕೆ ಓಡಿದಳು.

"ಮುಗಿಸಿಬಿಡಿ. ನನಗೋಸ್ಕರ ನಿಮ್ಮ ಹೆಸರು ಕೆಡೋದು ಬೇಡ."

"ಮುಗಿದ್ಮೇಲೆ?"

"ಎಲ್ಲಿಗೋ ಹೋಗ್ತೀವಿ."

ಸಿದ್ದಬಸಪ್ಪ ಕರಣೆ ಕೆಳಗಿಟ್ಟ. "ಕಾಮಾಕ್ಷಿಪಾಳ್ಯದಲ್ಲಿ ನಂದೊಂದು ಹೆಂಚಿನ ಮನೆ ಐತೆ. ಮೆಷಿನ್ ಇಡೋಕೆ ಜಾಗಾನೂ ಐತೆ. ನಿಮ್ಮಪ್ಪನ ಹತ್ರ ಹೆಣ್ಣು ಕೇಳ್ಲಾ?"

"ಪಾಪ ಅಂತ ಕೇಳ್ತಿದೀರಾ?"

"ಹೆದರಿಕೆಗೆ ಕೇಳ್ತಿದೀನಿ. ನಿಮ್ಮನ್ನ ನೋಡ್ದೆ ಇರೋಕೆ ನನ್ನಿಂದ ಆಗಲ್ಲ, ತುಂಗಾ."

ಅವಳು ಕೆಳಗಿದ್ದ ಕರಣೆ ಎತ್ತಿ ಅವನ ಕೈಗಿತ್ತಳು.

"ಇವತ್ತೇ ಬಂದು ಕೇಳಿ," ಎಂದಳು. "ನಾಳೆಗೆ ನಂಗೆ ಇಷ್ಟು ಧೈರ್ಯ ಇರುತ್ತೋ ಇಲ್ವೋ."

ಗುರುಬಸಪ್ಪ ಒಪ್ಪಿದ. ಶ್ರಾವಣದಲ್ಲಿ ಮದುವೆಯಾಯಿತು, ಅದೇ ತಿಂಗಳು ಮನೆಯೂ ಮಾರಾಟವಾಯಿತು. ಗಾಡಿಗೆ ಸಾಮಾನು ಹೇರಿದ ಮೇಲೆ ತುಂಗಾ ಗಂಡನ ಜೊತೆ ಛತ್ರದೊಳಗೆ ಹೋಗಿ, ಅವನು ಮುಗಿಸಿದ ಗೋಡೆಯನ್ನು ಸವರಿ ನೋಡಿದಳು. ನುಣ್ಣಗೆ, ತಣ್ಣಗೆ ಇತ್ತು. ಅದು ಮುಗಿದದ್ದರಿಂದಲೇ ಮನೆ ಹೋಗಿದ್ದರೂ ಅದರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.